ಸಾದಾ ನೊಣಗಳು ಬೇಕಾಗಿವೆ

ಕಳಿತ ಬಾಳೆಹಣ್ಣಿನ ವಾಸನೆ ಮೂಗಿಗೆ ಬಡಿದರೆ ಸಾಕು, ಅವನಿಗೆ ಮೂರನೇ ತರಗತಿ ನೆನಪಾಗುತ್ತಿತ್ತು. ಚೀಲದಲ್ಲಿ ಮರೆತುಬಿಟ್ಟಿದ್ದ ಹಣ್ಣು, ಅದರಿಂದ ಗುಂಪಾಗಿ ಎದ್ದ ಕೆಂಪು ಕಣ್ಣಿನ ಪುಟಾಣಿ ನೊಣಗಳು, ಬೆನ್ನ ಮೇಲೆ ಅಮ್ಮನ ಗುದ್ದು. ಗುದ್ದು ಮರೆತುಹೋಯಿತು, ನೊಣಗಳು ತಲೆಯಲ್ಲೇ ಉಳಿದವು. ಈಗ ಪ್ರಯೋಗಾಲಯದಲ್ಲಿ ಅವನ್ನೇ ಸಾಕುತ್ತಾನೆ. ಎಲ್ಲರೂ ಅವನನ್ನು ಕರೆಯುವುದೇ ನೊಣಪ್ಪ ಎಂದು.

ಕಬ್ಬಿಣಕ್ಕೆ ತುಕ್ಕು ಹಿಡಿಸುವ ಆಮ್ಲಜನಕ ಬದುಕಿರುವ ಮೈಯನ್ನೂ ಒಳಗಿಂದ ಸುಡುತ್ತದೆ. ಆಮ್ಲಜನಕ ಉಕ್ಕಿಸುವ ಪೆರಾಕ್ಸೈಡ್ ಎಂಬ ರಾಸಾಯನಿಕ ಕುಡಿಸಿದರೆ ಆ ಸುಡುವಿಕೆ ಇನ್ನೂ ಹೆಚ್ಚು. ನೊಣಪ್ಪ ಎಂಟು ವರ್ಷದಿಂದ ನೊಣಗಳ ಸಕ್ಕರೆ ನೀರಿಗೆ ಅದನ್ನು ಬೆರೆಸುತ್ತಿದ್ದ. ಹೆಚ್ಚಿನವು ಸಾಯುತ್ತಿದ್ದವು. ತಾಳಿಕೊಂಡ ಬೆರಳೆಣಿಕೆಯವು ಮೊಟ್ಟೆಯಿಡುತ್ತಿದ್ದವು, ಆ ಗಟ್ಟಿತನ ಮರಿಗಳಿಗೂ ಬರುತ್ತಿತ್ತು. ಹೀಗೆ ಇನ್ನೂರು ತಲೆಮಾರು. ಈಗಿನವು ಪೆರಾಕ್ಸೈಡನ್ನು ಪಾನಕದಂತೆ ಹೀರುತ್ತಿದ್ದವು.

ಅಂದು ಸಂಜೆ ಐದಕ್ಕೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಪರೀಕ್ಷೆಗೆ ಬರುವವರಿದ್ದರು. ಅದೇ ನೀರು ಕುಡಿದು, ಪೆರಾಕ್ಸೈಡ್ ಕಂಡೇ ಇರದ ಸಾದಾ ನೊಣ ಸತ್ತು, ಇವನ ನೊಣ ಬದುಕಿದರೆ ಈ ಕೋಣೆ ಇವನಿಗೇ ಉಳಿಯುತ್ತಿತ್ತು. ಇಲ್ಲವಾದರೆ ಪಕ್ಕದ ಕೋಣೆಯಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸುವ ಇಲಿ ಡಾಕ್ಟರ ಪಂಜರಗಳಿಗೆ.

ಬೆಳಗ್ಗೆ ಬಂದು ನೋಡಿದರೆ ಸಾದಾ ನೊಣಗಳ ಸೀಸೆಗಳೆಲ್ಲ ಹೀಟರಿನ ಮೇಲೆ! ಒಳಗೆ ಎಲ್ಲವೂ ಹುರಿದ ಎಳ್ಳಿನಂತೆ ಬಿದ್ದಿದ್ದವು.

"ನಾನೇ ಇಟ್ಟೆ ಮಾರಾಯ," ಎಂದರು ಇಲಿ ಡಾಕ್ಟರು ಕಣ್ಣು ತುಂಬಿಕೊಂಡು. "ಪಾಪ, ಚಳಿಗೆ ಮುದುರಿಕೊಂಡಿದ್ವು. ಹೋಗ್ಲಿ ಬಿಡು, ಹೇಗೂ ಸತ್ತಿವೆ. ಪೆರಾಕ್ಸೈಡ್ ಕುಡಿದು ಸತ್ವು ಅಂತ ಇವನ್ನೇ ತೋರಿಸು!"

"ಕೋಣೆ ಹೋದ್ರೂ ಸರಿ, ಸುಳ್ಳು ತೋರಿಸಲ್ಲ," ಎಂದು ನೊಣಪ್ಪ ಸೆಟೆದು ನಿಂತ.

"ಹಾಗಾದ್ರೆ ಕ್ಯಾಂಟೀನಿಗೆ ಹೋಗು. ಅಲ್ಲಿ ನೊಣಕ್ಕೇನು ಬರವೇ?"

ನೊಣಪ್ಪ ಬಾಳೆಹಣ್ಣು ಹಾಕಿದ ಸೀಸೆ ಹಿಡಿದು ಕ್ಯಾಂಟೀನಿಗೆ ಓಡಿದ. ತಿನ್ನುತ್ತಿದ್ದವರೆಲ್ಲ ಸಲಹೆಗಾರರಾದರು. "ಅಗೋ, ಸೀಲಿಂಗಿನ ಮೇಲೆ!" "ಅಲ್ಲಲ್ಲ, ಮೇಜಿನ ಕೆಳಗೆ!" ಒಬ್ಬ ಗುಮಾಸ್ತ ಫಟ್ಟನೆ ಚಪ್ಪಾಳೆ ಹೊಡೆದು, "ತಗೊಳ್ಳಿ ಸಾರ್, ಹಿಡಿದೆ!" ಎಂದು ಅಂಗೈ ಚಾಚಿದ.

"ಜೀವ ಇರೋದು ಬೇಕ್ರೀ!"

"ನೊಣಕ್ಕೂ ಇಷ್ಟೊಂದು ಷರತ್ತಾ?"

ಕುರ್ಚಿ ಹತ್ತಿದ ನೊಣಪ್ಪ ಜಾರಿ, ಪಾತ್ರೆ ತೊಳೆಯುವ ತೊಟ್ಟಿಯೊಳಗೆ ಬಿದ್ದು ಕುಳಿತ. ಸೀಸೆ ಮಾತ್ರ ಬಿಡಲಿಲ್ಲ. ಕ್ಯಾಂಟೀನಿನ ಅಡುಗೆಯ ಅಕ್ಕ ಟವೆಲು ಕೊಟ್ಟು, ಸಿಂಕಿನ ಬಳಿ ಗುಂಪುಗಟ್ಟಿದ್ದ ನೊಣಗಳನ್ನು ಅವನ ಸೀಸೆಯತ್ತ ಮೆಲ್ಲನೆ ಬೀಸಿದಳು. ಹತ್ತು ಗಂಟೆಗೆ ಎರಡೂ ಗುಂಪಿಗೆ ಪೆರಾಕ್ಸೈಡ್ ಬಿತ್ತು.

ಐದಕ್ಕೆ ಮೇಡಂ ಕನ್ನಡಕ ಏರಿಸಿ ಬಗ್ಗಿದರು. ಇವನ ನೊಣಗಳು ಓಡಾಡುತ್ತಿದ್ದವು. ಸಾದಾ ನೊಣಗಳು ಅವುಗಳಿಗಿಂತ ಜೋರಾಗಿ ಓಡಾಡುತ್ತಿದ್ದವು!

"ಏನ್ರೀ ಇದು? ಎಲ್ಲಿಂದ ತಂದ್ರಿ?"

ನೊಣಪ್ಪ ನಿಜ ಹೇಳಿದ. ಅಕ್ಕನಿಗೆ ಕರೆ ಹೋಯಿತು.

"ನೊಣ ಸಾಯ್ಲಿ ಅಂತ ಸಿಂಕಿಗೆ ದಿನಾ ನೊರೆ ಬರೋ ಔಷಧಿ ಸುರೀತೀನಿ, ಮೇಡಂ. ಹದಿನಾಲ್ಕು ವರ್ಷ ಆಯ್ತು," ಎಂದಳು ಆಕೆ, ಸೆರಗಿಗೆ ಕೈ ಒರೆಸುತ್ತ. "ಮೊದಮೊದಲು ರಾಶಿ ರಾಶಿ ಸಾಯ್ತಿದ್ವು. ಈಗ ಅದರಲ್ಲೇ ಸ್ನಾನ ಮಾಡ್ತವೆ."

ಡಬ್ಬಿ ತರಿಸಿ ಓದಿದರು. ಪೆರಾಕ್ಸೈಡ್!

ಮೇಡಂ ಕುಣಿಯುವುದೊಂದು ಬಾಕಿ. "ನಿಮಗಿಂತ ಆರು ವರ್ಷ ಮುಂದಿದ್ದಾರಲ್ರೀ ಈಕೆ! ಸಂಶೋಧನೆ ನಾಳೆಯಿಂದ ಸಿಂಕಿನ ಪಕ್ಕ. ಅಕ್ಕ ಹೇಳಿದ ಹಾಗೆ ಕೇಳಿ. ಕೋಣೆ ಇಲಿಗಳಿಗೆ."

"ಇನ್ನೂರು ತಲೆಮಾರು ಸಾಕಿದೀನಿ, ಮೇಡಂ! ನಾನು ಕದಲಲ್ಲ!"

ಮೇಡಂ ಹೊರಟುಹೋದರು. ಇಲಿ ಡಾಕ್ಟರು ಅಳತೆ ಟೇಪು ತಂದು ಗೋಡೆ ಅಳೆಯತೊಡಗಿದರು. ನೊಣಪ್ಪ ಸೀಸೆಗಳನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಬಂಡೆಯಂತೆ ಕುಳಿತ. ಟೇಪು ಎರಡು ಸಲ ಅವನ ಮೂಗಿನ ಕೆಳಗೇ ಹಾದುಹೋಯಿತು, ಆತ ಅಲುಗಲಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು. ಮಡಿಲಿನ ಸೀಸೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟು, ಜಾಗವಾದ ಮೇಲೆ ಬಿಸಿ ಊಟದ ತಟ್ಟೆಯನ್ನು ಅವನ ಕೈಗಿತ್ತಳು.