ಹಿಟ್ಟು ಕಾಯುತ್ತ ಮರುಭೂಮಿ ದಾಟಿದ್ದು

ಉಪ್ಪಿಟ್ಟಿನಿಂದ ತಪ್ಪಿಸಿಕೊಳ್ಳಲು ಮನುಷ್ಯ ಎಷ್ಟು ದೂರ ಹೋಗಬಲ್ಲ? ಬೀದಿ ತುದಿಯ ಹೋಟೆಲಿನವರೆಗೆ, ಹೆಚ್ಚೆಂದರೆ ಸ್ನೇಹಿತನ ಮನೆಯವರೆಗೆ ಅನ್ನುತ್ತೀರಿ. ನಾನು ಸಾಮಾನಿನ ಟ್ರಕ್ಕಿನಲ್ಲಿ ಕೂತು ಮರುಭೂಮಿಯನ್ನೇ ದಾಟಿದ್ದೇನೆ. ನಗಬೇಡಿ. ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರ ನಿಜವಾದ ಕಷ್ಟ ಮಳೆಯಲ್ಲ, ಉಬ್ಬದ ಇಡ್ಲಿ ಹಿಟ್ಟು. ಸಮಾಮಿಶ್‌ನ ನಮ್ಮ ಮನೆಯಲ್ಲಿ ಹಿಟ್ಟಿಗೆ ಶಾಲು ಹೊದೆಸುತ್ತೇವೆ, ಓವನ್ನಿನೊಳಗಿಟ್ಟು ದೀಪ ಹಾಕುತ್ತೇವೆ, ನಾನಂತೂ ಒಮ್ಮೊಮ್ಮೆ ಹೋಗಿ ಮಾತಾಡಿಸಿ ಬರುತ್ತೇನೆ. ಬೆಳಿಗ್ಗೆ ನೋಡಿದರೆ ಮುನಿಸಿಕೊಂಡ ಬೀಗರ ಹಾಗೆ ಇಟ್ಟಲ್ಲೇ ಕೂತಿರುತ್ತದೆ. ಆಗ ನನ್ನ ಹೆಂಡತಿ ವಸುಧಾ ರವೆ ಡಬ್ಬಿ ತೆಗೆಯುತ್ತಾಳೆ. ಆ ಮುಚ್ಚಳದ ಸದ್ದು ಕೇಳಿದರೆ ಸಾಕು, ಇವತ್ತೂ ಉಪ್ಪಿಟ್ಟೇ ಎಂದು ಗೊತ್ತಾಗಿಬಿಡುತ್ತದೆ.

ಅವಳ ತಂಗಿ ಸುಮಾ ಪಕ್ಕದ ಐಡಾಹೊ ರಾಜ್ಯದ ಬೊಯ್ಸಿಯಿಂದ ನಮ್ಮ ಬಡಾವಣೆಗೇ ಮನೆ ಬದಲಿಸಿ ಬರುವುದೆಂದಾಯಿತು. ಅವಳ ಗಂಡ ಮಕ್ಕಳನ್ನು ಕರೆದುಕೊಂಡು ಕಾರಿನಲ್ಲಿ ಮುಂಚೆಯೇ ಹೊರಟಿದ್ದ. ಬಾಡಿಗೆ ಟ್ರಕ್ಕು ಓಡಿಸುವವಳು ಸುಮಾ. ಗ್ಯಾರೇಜಿನಿಂದ ಕಾರು ಹಿಂದಕ್ಕೆ ತೆಗೆಯುವಷ್ಟರಲ್ಲೇ ಬೆವರುವ ನಾನು, ಹಿಂದಿನ ದಿನವೇ ಬೊಯ್ಸಿಗೆ ಹೋಗಿ, ಅವಳಿಗೆ ಜೊತೆ! ಊರು ಮುಟ್ಟಿದ ಮರುದಿನ ಬೆಳಿಗ್ಗೆಯೇ ಗೃಹಪ್ರವೇಶ, ನಲವತ್ತು ಜನಕ್ಕೆ ಇಡ್ಲಿ. ಆಗ ನನ್ನ ತಲೆಗೊಂದು ಯೋಚನೆ ಹೊಳೆಯಿತು. ಸಿಯಾಟಲ್ ಇರುವ ನಮ್ಮ ರಾಜ್ಯವೆಂದರೆ ಬರೀ ಹಸಿರು ಎಂದುಕೊಳ್ಳುವವರು ಬೆಟ್ಟಸಾಲು ದಾಟಿ ಆಚೆ ನೋಡಬೇಕು. ಮಳೆ ಅಲ್ಲಿಗೆ ಬರುವುದೇ ಇಲ್ಲ. ಕುರುಚಲು ಗಿಡ, ದೂಳು, ಜುಲೈ ತಿಂಗಳ ಕೆಂಡದಂಥ ಬಿಸಿಲು. ದೇವರೇ ಇಷ್ಟು ದೊಡ್ಡ ಓವನ್ನು ಹಚ್ಚಿಟ್ಟಿರುವಾಗ ಆ ಜುಜುಬಿ ದೀಪವೇಕೆ? ಹೊರಡುವ ದಿನ ಬೆಳಿಗ್ಗೆ ಸುಮಾಳ ಗ್ರೈಂಡರಿನಲ್ಲೇ ಹಿಟ್ಟು ರುಬ್ಬಿಸಿ, ದೊಡ್ಡ ಸ್ಟೀಲ್ ಪಾತ್ರೆ ತೆಗೆದಿಟ್ಟು, ಹೆಮ್ಮೆಯಿಂದ ಹೆಂಡತಿಗೆ ಫೋನು ಮಾಡಿದೆ.

"ಅರ್ಧ ಪಾತ್ರೆ ಖಾಲಿ ಬಿಡಿ ರೀ," ಎಂದಳು ವಸುಧಾ.

"ಈ ದೇಶಕ್ಕೆ ಬಂದ್ಮೇಲೆ ಹಿಟ್ಟು ಉಕ್ಕಿದ್ದನ್ನ ಯಾವತ್ತಾದ್ರೂ ನೋಡಿದೀಯಾ?"

"ಸರಿ. ನಾಳೆ ಇಡ್ಲಿ ಆಗ್ಲಿಲ್ಲ ಅಂದ್ರೆ ನಲವತ್ತು ಜನಕ್ಕೂ ಉಪ್ಪಿಟ್ಟೇ. ಬಡಿಸೋರೂ ನೀವೇ, ಯಾಕೆ ಅಂತ ಹೇಳೋರೂ ನೀವೇ."

ಪಾತ್ರೆಯನ್ನು ಕುತ್ತಿಗೆವರೆಗೆ ತುಂಬಿಸಿ ತೊಡೆಯ ಮೇಲಿಟ್ಟುಕೊಂಡೆ. ಮರುಭೂಮಿ ಶುರುವಾದ ಕೂಡಲೇ ಟ್ರಕ್ಕಿನ ಏಸಿ ಆರಿಸಿದೆ. "ಭಾವ, ಹಿಟ್ಟು ಉಬ್ಬತ್ತೋ ಇಲ್ವೋ, ನಾವಿಬ್ರಂತೂ ಬೆಂದು ಹೋಗ್ತೀವಿ!" ಎಂದು ಸುಮಾ ಗೊಣಗಿದಳು. ಸಾಧನೆಗೆ ತ್ಯಾಗ ಬೇಕಮ್ಮಾ ಎಂದು ನಾನು ಉಪದೇಶ ಮಾಡಿದೆ. ಕಿಟಕಿಯಾಚೆ ಒಂದು ಮರವಿಲ್ಲ, ಒಂದು ಪ್ರಾಣಿಯಿಲ್ಲ. ಹೀಗೆ ಗಂಟೆಗಟ್ಟಲೆ ಹೋದ ಮೇಲೆ ಮುಚ್ಚಳ ತಾನಾಗಿಯೇ ಠಣ್ ಎಂದಿತು.

"ಏನ್ ಭಾವ ಅದು ಸದ್ದು?"

"ಉಬ್ತಿದೆ ಸುಮಾ, ಉಬ್ತಿದೆ!"

ಅಬ್ಬಾ, ಆ ಸಂತೋಷ! ಸೀಟ್ ಬೆಲ್ಟ್ ಇಲ್ಲದಿದ್ದರೆ ಅಲ್ಲೇ ಕುಣಿದುಬಿಡುತ್ತಿದ್ದೆ. ಕಣ್ತುಂಬ ನೋಡೋಣವೆಂದು ಮುಚ್ಚಳ ತೆಗೆದದ್ದೇ ತಡ, ಹಿಟ್ಟು ನಿಧಾನವಾಗಿ ಅಂಚು ದಾಟಿ ನನ್ನ ಪ್ಯಾಂಟಿನ ಮೇಲೆ ಇಳಿಯಿತು. ಈ ಕಡೆ ಕೈಯಿಂದ ತಡೆದರೆ ಆ ಕಡೆ ಬಂತು. ಆ ಕಡೆ ತಡೆದರೆ ಸೀಟಿಗೆ ಹರಿಯಿತು.

"ಭಾವ, ಸೀಟು! ಟ್ರಕ್ಕು ನಮ್ದಲ್ಲ!" ಎನ್ನುತ್ತ ಸುಮಾ ನಗತೊಡಗಿದಳು, ಅದೂ ಕಣ್ಣಲ್ಲಿ ನೀರು ಬರುವ ಹಾಗೆ.

"ನಗ್ಬೇಡ, ರೋಡ್ ನೋಡು ಮಾರಾಯ್ತಿ!"

ಪಾತ್ರೆ ಪಗಡವೆಲ್ಲ ಹಿಂದೆ, ಸೋಫಾದ ಕೆಳಗೆಲ್ಲೋ ಸಿಕ್ಕಿಕೊಂಡಿದ್ದವು. ಕೈಗೆ ಸಿಕ್ಕಿದ್ದು ನನ್ನ ಕಾಫಿ ಫ್ಲಾಸ್ಕು, ಅದನ್ನು ತುಂಬಿದೆ. ಆಮೇಲೆ ನಾಳೆಯ ಪೂಜೆಯ ತಾಮ್ರದ ಕಲಶಕ್ಕೆ ಕೈ ಹಾಕಿದೆ. "ಅದು ದೇವ್ರಿಗೆ! ಅಕ್ಕ ಕೊಂದೇ ಹಾಕ್ತಾಳೆ!" ಎಂದು ಸುಮಾ ಚೀರಿ, ಟ್ರಕ್ಕನ್ನು ದಾರಿ ಬದಿಯ ತಂಗುದಾಣಕ್ಕೆ ತಿರುಗಿಸಿದಳು. ಸೊಂಟದಿಂದ ಕೆಳಗೆ ಬೆಳ್ಳಗಾಗಿ ನಾನು ಇಳಿದೆ. ಪಕ್ಕದ ಲಾರಿಯ ಗಡ್ಡದ ಡ್ರೈವರ್ ಒಬ್ಬ ಬಂದು ಗುಳುಗುಳು ಎನ್ನುತ್ತಿದ್ದ ಪಾತ್ರೆಗೆ ಬಗ್ಗಿ ನೋಡಿದ. "ಇದಕ್ಕೆ ಜೀವ ಇದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. "ಇಲ್ಲ, ಇದು ನಾಳೆಯ ತಿಂಡಿ," ಎಂದಳು ಸುಮಾ. ಪುಣ್ಯಾತ್ಮ ಸ್ವಲ್ಪ ಹಿಂದೆ ಸರಿದು ನಿಂತ. ಆದರೂ ಅವಳು ಕೇಳಿದ ಮೇಲೆ ಎರಡು ಚೀಲ ಐಸು ತಂದುಕೊಟ್ಟ. ಅವನ್ನು ಪಾತ್ರೆಯ ಎರಡೂ ಬದಿಗೆ ಒತ್ತಿಟ್ಟು ಕೂತೆ. ಮೇಲೆ ಬೆವರು, ಕೆಳಗೆ ನಡುಕ. ಹಾಗೇ ಬೆಟ್ಟ ಹತ್ತಿ ಇಳಿದು ಮನೆ ಸೇರಿದೆವು.

ವಸುಧಾ ಮುಚ್ಚಳ ತೆಗೆದು ನೋಡಿದಳು. ಮುಕ್ಕಾಲು ಪಾಲು ಉಳಿದಿತ್ತು. "ಉಬ್ಬಿದೆ," ಎಂದಳು. ಆಮೇಲೆ ನನ್ನ ಪ್ಯಾಂಟು ನೋಡಿದಳು.

ಬೆಳಿಗ್ಗೆ ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಎಲ್ಲರೂ ಒಲೆ ಸುತ್ತ ನಿಂತಿದ್ದಾರೆ, ಹಾಲು ಮಿಸುಕಾಡುತ್ತಿಲ್ಲ. "ಭಾವನ್ನ ನಿಲ್ಸಿ, ಉಕ್ಕಿಸೋದ್ರಲ್ಲಿ ಅವ್ರಿಗೆ ಕೈಗುಣ ಇದೆ," ಎಂದಳು ಸುಮಾ. ನಾನು ಹೋಗಿ ನಿಂತೆ, ಉಕ್ಕಿಯೇಬಿಟ್ಟಿತು! ಇಡ್ಲಿಯಂತೂ ಹತ್ತಿಯ ಹಾಗೆ. ಬಂದವರೆಲ್ಲ ಗುಟ್ಟೇನೆಂದು ಕೇಳಿದರು. ನಾನೋ, ಪ್ರತಿಯೊಬ್ಬರ ಮುಂದೂ ನಿಂತು ಮರುಭೂಮಿಯ ಕಥೆಯನ್ನು ಮೊದಲಿನಿಂದ ಹೇಳಿದೆ. ಹೇಳಿ ಮುಗಿಸಿ ತಟ್ಟೆ ಹಿಡಿದು ಹೋಗುವಷ್ಟರಲ್ಲಿ ಇಡ್ಲಿ ಖಾಲಿ. ಒಳಗೆ ರವೆ ಡಬ್ಬಿಯ ಮುಚ್ಚಳದ ಸದ್ದು.

"ಸೀಟಿನ ಮೇಲೆ ಹೋಯ್ತಲ್ಲ, ಅದೇ ನಿಮ್ಮ ಪಾಲು," ಎನ್ನುತ್ತ ವಸುಧಾ ಬಿಸಿ ಉಪ್ಪಿಟ್ಟು ತಂದಿಟ್ಟಳು. ತುಪ್ಪ, ಗೋಡಂಬಿ, ಮೇಲೊಂದಿಷ್ಟು ಕಾಯಿತುರಿ. ಹಸಿವು ಬೇರೆ. ಯಾರೂ ನೋಡುತ್ತಿಲ್ಲವೆಂದು ಇನ್ನೊಂದು ಸಲ ಬಡಿಸಿಕೊಂಡೆ. ಅವಳು ನೋಡಿಬಿಟ್ಟಳು. ಈಗ ನಮ್ಮ ಮನೆಯಲ್ಲಿ ಹಿಟ್ಟು ಉಬ್ಬಿದ ದಿನವೂ ನನಗೆ ಉಪ್ಪಿಟ್ಟೇ.