ನಮ್ಮ ಕಡೆ ಎಲ್ಲ ಸರಿಯಿದೆ

ಮದುವೆ ಮನೆಗಳಲ್ಲಿ ಯಾರಾದರೂ ಏನು ಕೆಲಸ ಮಾಡುತ್ತೀ ಎಂದು ಕೇಳಿದರೆ ನಾನು "ಕಂಪ್ಯೂಟರ್" ಎಂದಷ್ಟೇ ಹೇಳಿ ಎಲೆಯ ಕಡೆ ನೋಡುತ್ತೇನೆ. ಇದು ಅಹಂಕಾರವಲ್ಲ, ಕೇಳಿದವರ ಮೇಲಿನ ಕರುಣೆ. ಇಲ್ಲದ ಯಂತ್ರಗಳು ಇಲ್ಲದ ತಂತಿಗಳಲ್ಲಿ ಕಳಿಸಿದ ಮಾಹಿತಿ ಕೊನೆಗೆ ನಿಜವಾದ ಯಾವ ತಂತಿಯಲ್ಲಿ ಹೊರಗೆ ಹೋಯಿತು ಎಂದು ಹುಡುಕುವುದು ನನ್ನ ಉದ್ಯೋಗ. ಒಮ್ಮೆ ಹೀಗೆ ನಿಜ ಹೇಳಿ ನೋಡಿದೆ. ಕೇಳಿದವರು ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ ನಮ್ಮ ಅವ್ವನನ್ನು ಹುಡುಕಿಕೊಂಡು ಹೋಗಿ, "ಹುಡುಗಿಗೆ ನಿದ್ದಿ ಸರಿ ಬರತೈತಿಲ್ಲೋರಿ?" ಎಂದು ವಿಚಾರಿಸಿದರಂತೆ.

ಆದರೂ ಓದುಗರು ಎಲೆ ಬಿಟ್ಟು ಏಳುವವರಲ್ಲ ಎಂಬ ನಂಬಿಕೆಯಿಂದ ಸ್ವಲ್ಪ ವಿವರಿಸುತ್ತೇನೆ. ಹೈದರಾಬಾದಿನ ನಮ್ಮ ಆಫೀಸಿನಲ್ಲಿ ಆತಿಥೇಯ ಎನ್ನುವ ಒಂದೊಂದು ದೊಡ್ಡ ಯಂತ್ರದೊಳಗೆ ಹತ್ತಾರು ಕಾಲ್ಪನಿಕ ಯಂತ್ರಗಳು ಬಾಡಿಗೆಗಿವೆ. ಪ್ರತಿಯೊಂದಕ್ಕೂ ತಾನು ಸ್ವಂತ ಮನೆಯಲ್ಲಿದ್ದೇನೆ ಎಂಬ ಭ್ರಮೆ. ಅವು ಪರಸ್ಪರ ಹೇಗೆ ಮಾತಾಡುತ್ತವೆ ಎಂಬುದು ಅವ್ವ ಕಲಬುರ್ಗಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಳಿಸುವ ಪದ್ಧತಿ ಗೊತ್ತಿದ್ದವರಿಗೆ ಕೂಡಲೇ ತಿಳಿಯುತ್ತದೆ. ಅವ್ವ ಹಿಂಡಿ ಕುಟ್ಟಿ ಡಬ್ಬಿಗೆ ತುಂಬಿ ಅದರ ಮೇಲೆ ನಮ್ಮ ದೊಡ್ಡವ್ವನ ಮಗಳು ಶಾಂತಕ್ಕನ ಹೆಸರು ಬರೆಯುತ್ತಾಳೆ. ಡಬ್ಬಿಯನ್ನು ಚೀಲದೊಳಗಿಟ್ಟು ಬಾಯಿ ಹೊಲಿದು, ಮೇಲೆ ಶಾಂತಕ್ಕನ ಓಣಿಯ ಪಾಟೀಲ ಕಾಕಾನ ಅಂಗಡಿಯ ಹೆಸರು ಬರೆದು, ಹೈದರಾಬಾದಿನಲ್ಲಿ ನಾವಿರುವ ಕೂಕಟ್‌ಪಲ್ಲಿಯಿಂದ ಊರಿಗೆ ಹೊರಟ ಯಾರದೋ ಕೈಗೆ ಕೊಡುತ್ತಾಳೆ. ಒಯ್ಯುವವರಿಗೆ ಕಾಣುವುದು ಅಂಗಡಿಯ ಹೆಸರು ಮಾತ್ರ. ಒಳಗೆ ಶಾಂತಕ್ಕ ಇದ್ದಾಳೆಂಬುದು ಅವರಿಗೆ ಗೊತ್ತಿಲ್ಲ. ಅವರು ತಾಂಡೂರಿನ ಮೇಲೆ ಹೋದರೋ, ಜಹೀರಾಬಾದಿನ ಮೇಲೆ ಹೋದರೋ ಎಂಬುದು ಶಾಂತಕ್ಕನಿಗೆ ಗೊತ್ತಿಲ್ಲ. ಹಿಂಡಿ ಮುಗ್ಗಲು ಹಿಡಿದರೆ ಅವಳು ಫೋನು ಮಾಡುತ್ತಾಳೆ. "ನಮ್ಮನ್ಯಾಗಿದ್ದಾಗ ಚಲೋ ಇತ್ತವಾ" ಎನ್ನುತ್ತಾಳೆ ಅವ್ವ. ಚೀಲ ಒಯ್ದವರೂ ತಮ್ಮ ಕೈಯಲ್ಲಿದ್ದಾಗ ಚಲೋ ಇತ್ತೆನ್ನುತ್ತಾರೆ. ಪಾಟೀಲ ಕಾಕಾ ಬೇರೆ ಏನು ಹೇಳಿಯಾರು?

ನಮ್ಮ ಆಫೀಸಿನಲ್ಲಿ ಕೆಟ್ಟದ್ದು ಹಿಂಡಿಯಲ್ಲ, ದೊಡ್ಡ ಗಿರಾಕಿಯೊಬ್ಬರ ಲೆಕ್ಕಪತ್ರದ ಯಂತ್ರ. ದಸರೆ ಮುಗಿದಂದಿನಿಂದ ಅದು ಎತ್ತಿನಗಾಡಿಯಾಯಿತು. ಅದೇ ಆತಿಥೇಯ ಯಂತ್ರದೊಳಗಿನ ಪಕ್ಕದ ಬಾಡಿಗೆದಾರನಿಗೆ ಮಾತ್ರ ಯಾವ ತೊಂದರೆಯೂ ಇಲ್ಲ. ದಿನಾ ಬೆಳಿಗ್ಗೆ ಮೂರು ತಂಡಗಳ ಸಭೆ ಸೇರುತ್ತಿತ್ತು. ಮೂರು ತಂಡಗಳೂ ಸರದಿಯ ಮೇಲೆ "ಮಾ ಸೈಡ್ ನುಂಚಿ ಅಂತಾ ಕ್ಲಿಯರ್ ಅಂಡಿ", ಅಂದರೆ ನಮ್ಮ ಕಡೆ ಎಲ್ಲ ಸರಿಯಿದೆ ಎಂದು ಘೋಷಿಸಿ, ಒಬ್ಬರಿಗೊಬ್ಬರು ಧನ್ಯವಾದ ಹೇಳಿ ಏಳುತ್ತಿದ್ದವು. ಇಷ್ಟು ಜನರ ಕಡೆ ಇಷ್ಟು ಸರಿಯಿದ್ದೂ ಒಂದು ಯಂತ್ರ ಕೆಡುವುದೆಂದರೆ ಅದರದು ಎಂಥ ಹಟವಿರಬೇಕು!

ನನಗೆ ಆ ಯಂತ್ರದ ಮೇಲೆ ವಿಶೇಷ ಮಮತೆಯೇನೂ ಇರಲಿಲ್ಲ. ಆದರೆ ಶುಕ್ರವಾರ ಕಲಬುರ್ಗಿಯಲ್ಲಿ ಶಾಂತಕ್ಕನ ಕುಬುಸ. ಹಸಿರು ಸೀರೆ ಉಡಿಸಿ ಬಸುರಿಯ ಮಡಿಲು ತುಂಬುವಾಗ ತಂಗಿಯಾದವಳು ಪಕ್ಕದಲ್ಲಿ ನಿಲ್ಲಬೇಕು, ಅವಳಿಗೆ ಇರುವ ತಂಗಿ ನಾನೊಬ್ಬಳೇ. ನಮ್ಮ ಮ್ಯಾನೇಜರ್ ಪ್ರಸಾದ್‌ಗಾರು ಉದಾರಿಗಳು. "ಲೀವ್ ಇಚ್ಚೇಸಾನಮ್ಮಾ. ಟಿಕೆಟ್ ಕ್ಲೋಸ್ ಚೇಸಿ ವೆಳ್ಳು" ಎಂದರು. ರಜೆ ಆಗಲೇ ಕೊಟ್ಟಾಗಿದೆ, ದೂರು ಮುಗಿಸಿ ಹೊರಡು ಎಂದರ್ಥ. ಊಟ ಬಡಿಸಾಗಿದೆ, ಮೊದಲು ಗದ್ದೆ ಉಳು ಎಂದ ಹಾಗೆ. ಅವ್ವನಿಗೆ ಈ ಷರತ್ತು ತಿಳಿಸಿದೆ. ಅವಳು ಬಟ್ಟೆ ಮಡಚುತ್ತ, "ನಿಮ್ಮ ಆಫೀಸಿನ್ಯಾಗ ಇಲ್ಲದ್ದೆಲ್ಲಾ ಐತಿ. ರಜಾ ಒಂದ್ ಇಲ್ಲ ನೋಡು" ಎಂದಳು.

ಆದ್ದರಿಂದ ಹುಡುಕಲು ಕೂತೆ. ಪ್ರತಿ ಆತಿಥೇಯ ಯಂತ್ರದಿಂದ ಎರಡು ಕೇಬಲ್ ಹೊರಡುತ್ತವೆ. ಯಾವ ಬಾಡಿಗೆದಾರನ ಸರಕು ಯಾವ ಕೇಬಲ್ಲಿನಲ್ಲಿ ಎಂಬುದನ್ನು ಒಳಗಿನ ತಂತ್ರಾಂಶ ತನ್ನಷ್ಟಕ್ಕೆ ನಿರ್ಧರಿಸುತ್ತದೆ, ಯಾರಿಗೂ ಹೇಳುವುದಿಲ್ಲ. ಈ ವಿಷಯದಲ್ಲಿ ಅದರ ಸ್ವಭಾವ ನನ್ನದೇ. ಎಲ್ಲರೂ ಪರೀಕ್ಷಿಸಿದ್ದು ಮೊದಲನೆಯ ಕೇಬಲ್ಲನ್ನು, ಏಕೆಂದರೆ ಅದು ಮೊದಲನೆಯದು. ನಾನು ಚೀಲದ ಹೊಲಿಗೆ ಬಿಚ್ಚಿ ಒಳಗಿನ ಹೆಸರು ಹಿಡಿದು ಹೊರಟೆ. ಕಾಲ್ಪನಿಕ ಯಂತ್ರದಿಂದ ಅದರ ಕಾಲ್ಪನಿಕ ಪೋರ್ಟಿಗೆ, ಅಲ್ಲಿಂದ ಕಾಲ್ಪನಿಕ ಸ್ವಿಚ್ಚಿಗೆ ಹೋದೆ. ಕೊನೆಗೆ ಮುಟ್ಟಿದರೆ ಕೈಗೆ ಸಿಗುವಂಥ ವಸ್ತು ಬಂತು: ಎರಡನೆಯ ಕೇಬಲ್. ಆ ದಾರಿಯಲ್ಲಿ ಹೊರಟ ಸರಕು ದಂಡಿಯಾಗಿ ಕೆಟ್ಟು ತಲುಪುತ್ತಿತ್ತು, ಮತ್ತೆ ಮತ್ತೆ ಕಳಿಸಬೇಕಾಗುತ್ತಿತ್ತು.

ಕೇಬಲ್ಲುಗಳನ್ನು ನೋಡಿಕೊಳ್ಳುವ ಇಮ್ರಾನ್ ಭಾಯಿಯನ್ನು ಕರೆದೆ. ಅವರು ಪೋರ್ಟಿನ ದೀಪ ತೋರಿಸಿ, "ಹರೀ ಬತ್ತಿ ಜಲ್‌ರೀ ನಾ, ಔರ್ ಕ್ಯಾ ಹೋನಾ ಆಪ್ಕು?" ಎಂದರು. ಹಸಿರು ದೀಪ ಉರಿಯುತ್ತಿರುವಾಗ ಇನ್ನೇನು ಬೇಕು ಎಂಬುದು ತತ್ವಜ್ಞಾನದ ಪ್ರಶ್ನೆ. ನನಗೆ ಬೇಕಾಗಿದ್ದದ್ದು ಕಲಬುರ್ಗಿಯ ಬಸ್ಸು. ಒಮ್ಮೆ ಕಿತ್ತು ನೋಡಿ ಎಂದೆ. ಅವರು ಗೊಣಗುತ್ತ ಕಿತ್ತರು, ಒಳಗೆ ಬೆಳಕು ಒಯ್ಯುವ ಗಾಜಿನೆಳೆಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರು, ಆಮೇಲೆ ಗೊಣಗುವುದನ್ನು ನಿಲ್ಲಿಸಿ ಅದನ್ನು ನನ್ನ ಕೈಗೆ ಕೊಟ್ಟರು. ತುದಿ ಕೆಂಪಗಿತ್ತು. ಕುಂಕುಮ.

ಈ ಸರ್ವರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ನೀರಿನ ಬಾಟಲಿ ಒಯ್ಯುವಂತಿಲ್ಲ, ಧೂಳು ಬಿದ್ದೀತೆಂದು ರಟ್ಟಿನ ಡಬ್ಬಿ ತೆರೆಯುವಂತಿಲ್ಲ. ಆಯುಧಪೂಜೆ ಮಾತ್ರ ಒಳಗೇ ಆಗಬೇಕು. ಪ್ರಸಾದ್‌ಗಾರು ಭಕ್ತರು, ಭೇದಭಾವ ಇಲ್ಲದವರು. ಈ ಸಲದ ಪೂಜೆಯಂದು ಯಾವುದೋ ದುರಸ್ತಿಗೆಂದು ಕಿತ್ತಿದ್ದ ಒಂದು ಕೇಬಲ್ ಮುಚ್ಚಳವಿಲ್ಲದೆ ಅವರ ಎದೆಯ ಎತ್ತರಕ್ಕೆ ತೂಗುತ್ತಿತ್ತು. ಎಲ್ಲ ಯಂತ್ರಗಳಿಗೂ ಕುಂಕುಮ ಇಟ್ಟು ಇದೊಂದನ್ನು ಬರಿಹಣೆಯಲ್ಲಿ ಬಿಡಬಾರದೆಂದು ಅವರು ಅದರ ತುದಿಗೆ ಹೆಬ್ಬೆರಳಿನಿಂದ ಒಂದು ಬೊಟ್ಟು ಒತ್ತಿದರು. ಆ ಫೋಟೋ ಆಫೀಸಿನ ಗುಂಪಿನಲ್ಲಿ ಇಂದಿಗೂ ಇದೆ. ಪಕ್ಕದಲ್ಲಿ ಕುಂಕುಮದ ತಟ್ಟೆ ಹಿಡಿದು ನಿಂತವಳು ನಾನು. ತಂಡದಲ್ಲಿ ಒಬ್ಬಳೇ ಹೆಣ್ಣಾದ್ದರಿಂದ ಆ ತಾಂತ್ರಿಕ ಜವಾಬ್ದಾರಿಗೆ ನನ್ನಷ್ಟು ಅರ್ಹರು ಯಾರೂ ಇರಲಿಲ್ಲ.

ತುದಿ ಒರೆಸಿ ಸಿಕ್ಕಿಸಿದ ಕೂಡಲೇ ಯಂತ್ರ ಓಡಿತು. ಆದರೆ ಕಾರಣ ಏನೆಂದು ಗಿರಾಕಿಗೆ ವರದಿ ಬರೆಯದೆ ದೂರು ಮುಗಿಯುವುದಿಲ್ಲ, ಆ ವರದಿಗೆ ಒಪ್ಪಿಗೆ ಕೊಡಬೇಕಾದವರು ಪ್ರಸಾದ್‌ಗಾರು. "ಲಿಖೋ ನಾ, ಸಾಬ್ ಕಾ ಅಂಗೂಠಾ" ಎಂದು ಇಮ್ರಾನ್ ಭಾಯಿ ಪ್ರೋತ್ಸಾಹಿಸಿದರು. ಸಾಹೇಬರ ಹೆಬ್ಬೆರಳೆಂದು ಬರೆದರೆ ಒಪ್ಪಿಗೆ ಸಿಗದೆ ಕುಬುಸ ತಪ್ಪುತ್ತದೆ. ನಾನು ಕೂತು ಕುಂಕುಮವನ್ನು "ಸೂಕ್ಷ್ಮ ಕಣ" ಎಂಬ ಡಬ್ಬಿಗೆ ಹಾಕಿದೆ, ಪೂಜೆಯನ್ನು "ವಾರ್ಷಿಕ ನಿರ್ವಹಣಾ ಚಟುವಟಿಕೆ" ಎಂಬ ಚೀಲದಲ್ಲಿಟ್ಟು ಬಾಯಿ ಹೊಲಿದೆ. ವಾರ್ಷಿಕ ನಿರ್ವಹಣಾ ಚಟುವಟಿಕೆಯ ನಂತರ ಕಂಡುಬಂದ ಸೂಕ್ಷ್ಮ ಕಣಗಳನ್ನು ನಿವಾರಿಸಲಾಗಿದೆ. ಪ್ರಸಾದ್‌ಗಾರು ಅದನ್ನು ನಿಧಾನವಾಗಿ ಓದಿದರು. ಒಮ್ಮೆ ತಮ್ಮ ಹೆಬ್ಬೆರಳು ನೋಡಿಕೊಂಡರು. ನನ್ನ ಭಾಷೆಯಲ್ಲಿ ಪ್ರಬುದ್ಧತೆ ಬಂದಿದೆ ಎಂದು ಮೆಚ್ಚಿ ದೂರು ಮುಗಿಸಿದರು.

ಶುಕ್ರವಾರ ಶಾಂತಕ್ಕ ಹಸಿರು ಸೀರೆಯಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ನಾನಿದ್ದೆ. ಅಷ್ಟರಲ್ಲಿ ಫೋನು ನಡುಗಿತು. ಗಿರಾಕಿಗೆ ವರದಿ ಬಹಳ ಹಿಡಿಸಿತ್ತು. ಕಣಗಳು ಪತ್ತೆಯಾದದ್ದೇ ಆ ನಿರ್ವಹಣಾ ಚಟುವಟಿಕೆಯಿಂದ ಎಂದು ತಿಳಿದುಕೊಂಡಿದ್ದ ಅವರು, ಇಷ್ಟು ಉಪಯುಕ್ತವಾದದ್ದನ್ನು ವರ್ಷಕ್ಕೊಮ್ಮೆ ಮಾಡಿದರೆ ಸಾಲದು, ಮೂರು ತಿಂಗಳಿಗೊಮ್ಮೆ ಮಾಡಿ ಎಂದು ಕೋರಿದ್ದರು. ಪ್ರಸಾದ್‌ಗಾರು ಆಗಲೇ ಒಪ್ಪಿ, ಉಸ್ತುವಾರಿಗೆ ನನ್ನ ಹೆಸರು ಕೊಟ್ಟಿದ್ದರು.

"ಆಫೀಸಿಂದೇನವಾ? ಏನಂತ?" ಎಂದು ದೊಡ್ಡವ್ವ ಕೇಳಿದಳು.

ನನ್ನ ಕೈಯಲ್ಲಿ ಅಲ್ಲಿಯೂ ಕುಂಕುಮದ ತಟ್ಟೆಯೇ ಇತ್ತು. "ಏನಿಲ್ಲ ದೊಡ್ಡವ್ವ. ನಮ್ಮ ಕಡಿಂದ ಎಲ್ಲಾ ಬರೋಬರಿ ಐತಿ" ಎಂದೆ.