ಗೋಧಿಯ ಮೇಲೆ ನಾನು ಹೊರಿಸಿದ ಆರೋಪ

ಕಾಯಿಲೆ ಬಂದರೆ ಜನ ಕುಗ್ಗುತ್ತಾರೆ. ನನ್ನದು ಬೇರೆ ಜಾತಿ. ನನ್ನ ಎದೆ ಉರಿಗೆ ಒಂದು ಇಂಗ್ಲಿಷ್ ಹೆಸರು ಸಿಕ್ಕ ದಿನ ನಾನು ಕಲಬುರಗಿಯ ರಸ್ತೆಗಳಲ್ಲಿ ನೆಲದಿಂದ ಗೇಣು ಮೇಲೆ ನಡೆದೆ. ಅಲ್ಲಿಯವರೆಗೆ ಅದು ಬರೀ ಹುಳಿತೇಗು. ಊರಿನ ಗಾಜಿಪುರ ಬಡಾವಣೆಯ ಶಾಲೆಯೊಂದರಲ್ಲಿ ಇತಿಹಾಸ ಹೇಳುವ ನಾನು ಪಾಠದ ನಡುವೆ ತೇಗಿದರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಒಂದು ದಿನ ನಮ್ಮ ವಿಜ್ಞಾನದ ಮೇಷ್ಟ್ರು ಮೊಬೈಲಿನಲ್ಲಿ ಏನೋ ತೋರಿಸಿ, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಇದಕ್ಕೆ ಕಾರಣವಿರಬಹುದು ಎಂದರು. ‘ಇರಬಹುದು’ ಎಂಬುದು ನನ್ನ ಕಿವಿಗೆ ಬೀಳಲೇ ಇಲ್ಲ. ಅಂದೇ ಚಪಾತಿ ಬಿಟ್ಟೆ, ಬಿಸ್ಕತ್ತು ಬಿಟ್ಟೆ. ಕೇಳಿದವರಿಗೂ ಕೇಳದವರಿಗೂ ಗ್ಲುಟೆನ್ ಮೇಲೆ ಭಾಷಣ ಶುರು ಮಾಡಿದೆ.

ಅದೇ ವಾರದ ಭಾನುವಾರ ಕಮಲಾಪುರದಲ್ಲಿ ಹೆಂಡತಿಯ ತಮ್ಮನ ಮಗುವಿಗೆ ಹೆಸರಿಡುವ ಕಾರ್ಯ. ಅತ್ತೆ ನನಗೆಂದೇ ಹೋಳಿಗೆ ಮಾಡಿದ್ದರು. ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಗ್ಲುಟೆನ್ ದೆಸೆಯಿಂದ ಈ ಮನೆಯ ಹೋಳಿಗೆ ಇನ್ನು ಮುಟ್ಟುವುದಿಲ್ಲ ಎಂದು ಸಾರಿದೆ. ಅತ್ತೆ ಸರ್ರನೆ ಒಳಗೆ ಹೋದರು. ಊಟ ಮಾಡುತ್ತಿದ್ದ ಬೀಗರೆಲ್ಲ ನನ್ನ ಮುಖ ನೋಡಿದರು. ಮಾವ ನನ್ನನ್ನು ಹಿತ್ತಿಲಿಗೆ ಕರೆದೊಯ್ದು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಬಹಳ ಮೆಲ್ಲಗೆ ಕೇಳಿದರು:

“ಅಳಿಯಂದ್ರ, ಈ ಗ್ಲುಟೆನ್ ಅನ್ನಾಂವ ಯಾರ್ರಿ? ನಮ್ಮ ಬಗ್ಗೆ ನಿಮಗೇನು ಹೇಳ್ಯಾನ?”

ಅವನು ಮನುಷ್ಯನಲ್ಲ, ಹಿಟ್ಟಿನೊಳಗಿನ ಅಂಟು ಎಂದು ನಂಬಿಸುವಷ್ಟರಲ್ಲಿ ನನ್ನ ಹೋಳಿಗೆ ಪಕ್ಕದವರ ಎಲೆ ಸೇರಿತ್ತು. ವಿಷಯ ತಿಳಿದ ಅತ್ತೆ ಕಣ್ಣೊರೆಸಿಕೊಂಡು, ಅಳಿಯನಿಗೆ ಸಿಟ್ಟಲ್ಲ, ಬರೀ ರೋಗ ಎಂದು ಸಮಾಧಾನಪಟ್ಟರು. ಕೂಡಲೇ ಗೋಧಿ ಸೋಂಕದ ಅಡುಗೆಗೆ ನಿಂತರು. ಬಿಸಿ ಜೋಳದ ರೊಟ್ಟಿ, ಕೆಂಪು ಖಾರದ ಚಟ್ನಿ, ಕಡಲೆಹಿಟ್ಟಿನಲ್ಲಿ ಮುಳುಗೆದ್ದ ಮಿರ್ಚಿ ಭಜಿ. ಯಾವುದರಲ್ಲೂ ಗ್ಲುಟೆನ್ ಇಲ್ಲ! ಶಾಸ್ತ್ರವೇ ಒಪ್ಪಿದ ಮೇಲೆ ನಾನೇಕೆ ಕೈ ತಡೆಯಲಿ? ಸಂಜೆ ಕಲಬುರಗಿಯ ಬಸ್ಸಿನಲ್ಲಿ ಮಾತ್ರ ಎದೆಯೊಳಗೆ ಯಾರೋ ಒಲೆ ಹೊತ್ತಿಸಿದಂತಾಯಿತು. ಅತ್ತೆಯ ಭಜಿಗೆ ಗೋಧಿ ಹಿಟ್ಟಿನ ಕೈ ತಗುಲಿರಬೇಕು ಎಂದೆ. ಹೆಂಡತಿ ಕಿಟಕಿಯ ಕಡೆ ತಿರುಗಿದಳು.

ಮರುದಿನ ಅವಳೇ ನನ್ನನ್ನು ಡಾಕ್ಟರ ಬಳಿ ಎಳೆದೊಯ್ದಳು. ಒಂದು ಕಾಳು ಗೋಧಿಯೂ ಹೊಟ್ಟೆಗೆ ಹೋಗಿಲ್ಲವೆಂದು ನಾನು ಹೆಮ್ಮೆಯಿಂದ ಹೇಳಿಕೊಂಡೆ.

“ಖರೇ ಅದರಿ,” ಎಂದಳು ಹೆಂಡತಿ. “ಗೋಧಿ ಬಿಟ್ಟಾರ. ಆದ್ರ ನಿನ್ನೆ ಒಂಬತ್ತು ಮಿರ್ಚಿ ಭಜಿ ತಿಂದಾರ, ಅದರ ಮ್ಯಾಲ ನಾಕು ಕಪ್ ಚಾ ಕುಡದಾರ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಕೆಲವರಿಗೆ ಗೋಧಿ ನಿಜವಾಗಿಯೂ ಆಗಿಬರುವುದಿಲ್ಲ, ರಕ್ತ ಪರೀಕ್ಷೆ ಮಾಡಿಸೋಣ, ಆದರೆ ಅದು ಸರಿಯಾಗಿ ತಿಳಿಯಬೇಕಾದರೆ ಕೆಲವು ವಾರ ದಿನಾ ಗೋಧಿ ತಿನ್ನಬೇಕು ಎಂದರು. ಭಜಿ ಬಂದ್, ಚಹಾ ಬೆಳಿಗ್ಗೆ ಒಂದೇ ಕಪ್. ಸುದ್ದಿ ಕಮಲಾಪುರ ಮುಟ್ಟಿದ ಮೂರನೇ ದಿನ ಮಾವ ಡಬ್ಬಿ ತುಂಬ ಹೋಳಿಗೆ ಹೊತ್ತು ಬಂದರು. ಔಷಧಿಯೆಂದು ನಾನು ಕಣ್ಣು ಮುಚ್ಚಿ ತಿಂದೆ.

ವಾರಗಳು ಕಳೆದವು, ಉರಿಯೂ ಇಳಿಯಿತು. ವರದಿ ಬಂತು: ಗೋಧಿಯದು ಏನೂ ತಪ್ಪಿಲ್ಲ. ಹೆಂಡತಿ ದೇವರಿಗೆ ಕೈ ಮುಗಿದಳು. ನಾನು ವರದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇನ್ನೊಂದು ಲ್ಯಾಬಿನಲ್ಲಿ ತೋರಿಸಿದರೆ ಹೇಗೆ ಎಂದು ಕೇಳಿದೆ.